ಇನ್ನೊಂದು ವರ್ಷ

ನಾಲ್ಕು ವರ್ಷದಿಂದ ಅವಳು ದಿನವೂ ಅಡುಗೆಕಟ್ಟೆ ಹಿಡಿದು, ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು. "ಕೊಕ್ಕರೆ ಬಂತು, ಮೀನು ಮುಚ್ಚಿಡಮ್ಮ" ಎಂದು ಅಣ್ಣ ಅಣಕಿಸಿದರೂ ಬಿಡುತ್ತಿರಲಿಲ್ಲ. ಕಾಲು ಗಟ್ಟಿಯಾದರೆ ಬೆರಳ ತುದಿಯ ಮೇಲೆ ನಿಂತು ಬ್ಯಾಲೆ ಮಾಡುವ ಶೂ ಹಾಕಿಸುತ್ತೇನೆ ಎಂದು ಡ್ಯಾನ್ಸ್ ಕ್ಲಾಸಿನ ಮಿಸ್ ಹೇಳಿದ್ದರು.

ಪ್ರತಿ ಜೂನ್‌ನಲ್ಲೂ ಮಿಸ್ ಅವಳ ಕಣಕಾಲು ಒತ್ತಿ ನೋಡುತ್ತಿದ್ದರು. "ಇನ್ನೂ ಬಲ ಸಾಲ್ದು ಕಣೆ. ಈಗ್ಲೇ ನಿಂತ್ರೆ ಮೂಳೆ ಮುರ್ಕೋತೀಯ. ಇನ್ನೊಂದು ವರ್ಷ ಮಾಡು."

ಹದಿನೇಳು ತುಂಬಿದಾಗ ಅವಳು ದೊಡ್ಡ ನೃತ್ಯತಂಡವೊಂದರ ಆಯ್ಕೆಗೆ ಹೋದಳು. ಅಲ್ಲಿಯ ಪರೀಕ್ಷಕಿ ಪಾದ ಬಗ್ಗಿಸಿ ನೋಡಿ ಬೆರಗಾದರು. "ಎಂಥ ಗಟ್ಟಿ ಕಾಲು! ಎರಡು ವರ್ಷದ ಹಿಂದೇನೇ ಶೂ ಹಾಕ್ಬೇಕಿತ್ತು. ಈಗ ಶುರು ಮಾಡೋರನ್ನ ನಾವು ತಗೊಳ್ಳಲ್ಲಮ್ಮ."

ಅವಳು ನೇರವಾಗಿ ಮಿಸ್ ಹತ್ತಿರ ಬಂದಳು.

"ನನ್ನ ಕಾಲು ಯಾವತ್ತೋ ತಯಾರಾಗಿತ್ತಂತೆ. ನಿಮಗೆ ಗೊತ್ತಾಗ್ಲಿಲ್ವಾ ಮಿಸ್?"

"ಗೊತ್ತಿತ್ತು."

"ಮತ್ಯಾಕೆ ಹೇಳಿಕೊಡ್ಲಿಲ್ಲ?"

ಮಿಸ್ ಎದ್ದು ಹೋಗಿ ಕ್ಲಾಸಿನ ಬಾಗಿಲು ಮುಚ್ಚಿದರು.

"ಹೇಳಿಕೊಡೋಕೆ ನಾನು ಒಂದು ದಿನವಾದ್ರೂ ಆ ಶೂ ಹಾಕ್ಕೊಂಡು ನಿಂತಿರಬೇಕಲ್ವೇನೇ?"