ಗದ್ದೆಯೊಳಗಿನ ಚುಕ್ಕಿ

“ಈ ಚುಕ್ಕಿ ಎಲ್ಲಿಂದ ಬಂತು?” ಎಂದು, ಮದುವೆ ಮಾತಿಗೆ ಬಂದಿದ್ದ ಬೋವೆನ್‌ನ ತಾತ ಬಾಗಿಲ ಮೇಲಿನ ಹೆಸರಿನ ಹಲಗೆಗೆ ಬೆರಳು ಚಾಚಿ ಕೇಳಿದಾಗ, ಚಿಂಗ್‌ಹೆ ಚಹಾದ ಬಟ್ಟಲು ಕೊಡುವುದನ್ನು ಬಿಟ್ಟು ತನ್ನ ಅಜ್ಜಿಯ ಮುಖ ನೋಡಿದಳು.

ಹುಡುಗನ ಮನೆಯವರೂ ತಿಯಾನ್, ಹುಡುಗಿಯ ಮನೆಯವರೂ ತಿಯಾನ್. ತಿಯಾನ್ ಎಂದರೆ ಗದ್ದೆ, ಬರೆಯುವುದೂ ಹಾಗೆಯೇ. ಒಂದು ಚೌಕ, ಒಳಗೆ ಅಡ್ಡ ಒಂದು ಬದು, ಉದ್ದ ಒಂದು ಬದು, ನಾಲ್ಕು ಮಡಿ. ಚೀನಾದ ಹುನಾನ್ ಸೀಮೆಯಲ್ಲಿ ಅಂಥ ತಿಯಾನರು ಕಾಲಿಟ್ಟಲ್ಲೆಲ್ಲ ಸಿಗುತ್ತಾರೆ. ಆದರೆ ಚಿಂಗ್‌ಹೆಯ ಮನೆತನದ ಗದ್ದೆಯಲ್ಲಿ, ಕೆಳಗಿನ ಬಲಮಡಿಯಲ್ಲಿ, ಒಂದು ಚುಕ್ಕಿ ಇತ್ತು. ಆ ಚುಕ್ಕಿಯಿರುವ ತನಕ ಅವರು ಬೇರೆ, ಇವರು ಬೇರೆ, ಮದುವೆಗೆ ಅಡ್ಡಿಯಿಲ್ಲ. ಚುಕ್ಕಿ ಸುಳ್ಳಾಯಿತೋ, ಎರಡೂ ಒಂದೇ ವಂಶ; ಬೋವೆನ್ ಅವಳಿಗೆ ಅಣ್ಣ. ಮೂರು ವರ್ಷ ಪ್ರೀತಿಸಿದವನನ್ನು ಅಣ್ಣಾ ಎಂದು ಕರೆಯುವ ನಾಲಗೆ ಅವಳಿಗಿರಲಿಲ್ಲ.

ಕಷ್ಟವೆಂದರೆ, ಚುಕ್ಕಿಯ ನಿಜವಾದ ಕತೆ ಅವಳಿಗೆ ಗೊತ್ತಿತ್ತು. ಅಜ್ಜಿಯೇ ಮಡಿಲಲ್ಲಿ ಮಲಗಿಸಿಕೊಂಡು ನೂರು ಸಲ ಹೇಳಿದ್ದಳು. ರಾಜನ ಕಾಲದಲ್ಲಿ ಒಬ್ಬ ಗುಮಾಸ್ತ ಊರಿನವರ ಹೆಸರು ಬರೆದುಕೊಳ್ಳಲು ಬಂದನಂತೆ. ಸುಡುಸುಡು ಸೆಕೆ. ಪಕ್ಕದಲ್ಲಿ ಹೊಗೆ ಹಿಡಿಸಿದ ಹಂದಿಮಾಂಸದ ತಟ್ಟೆ. ಹಾಳೆಯ ಮೇಲೆ ಮೊದಲನೆಯ ತಿಯಾನ್ ಬರೆದ; ಮಸಿ ಆರುವ ಮುಂಚೆ ಒಂದು ನೊಣ ಬಂದು ಗದ್ದೆಯೊಳಗೆ ಕೂತು ತನ್ನ ಕೆಲಸ ಮುಗಿಸಿ ಹೋಯಿತು. ಗುಮಾಸ್ತ ಮಹಾ ಸೋಮಾರಿ; ಕೆಳಗಿನವರಿಗೆಲ್ಲ ‘ಮೇಲಿನಂತೆ’, ‘ಮೇಲಿನಂತೆ’ ಎಂದು ಗೀಚಿದ. ಮುದ್ರೆ ಬಿದ್ದ ಮೇಲೆ ನೊಣದ ಹಿಕ್ಕೆಯೂ ರಾಜಾಜ್ಞೆಯೇ.

“ಎಮ್ಮೆ,” ಎಂದಳು ಅಜ್ಜಿ, ರೆಪ್ಪೆ ಬಡಿಯದೆ.

“ಏನಂದ್ರಿ?”

“ಆ ಚುಕ್ಕಿ ಎಮ್ಮೆ ಬೀಗರೇ. ನಿಮ್ದು ಬರೀ ಗದ್ದೆ. ನಮ್ಮದ್ರಲ್ಲಿ ಉಳೋದಕ್ಕೆ ಎಮ್ಮೆನೂ ಇದೆ. ಖಾಲಿ ಗದ್ದೆ ಇಟ್ಕೊಂಡು ಇಷ್ಟು ತಲೆಮಾರು ಏನು ತಿಂದ್ರೋ, ನಾ ಕಾಣೆ!”

“ಬೀಗರು ಅನ್ನೋದಕ್ಕೆ ಇನ್ನೂ ಟೈಮಿದೆ,” ತಾತ ಕನ್ನಡಕ ಮೂಗಿನ ತುದಿಗೆ ಇಳಿಸಿದರು. “ಎಮ್ಮೆ ಇಷ್ಟು ಸಣ್ಣಕ್ಕಿರುತ್ತಾ?”

“ಬೆಟ್ಟದ ಮೇಲೆ ಕೂತು ಬರೆದದ್ದು. ಅಷ್ಟು ದೂರದಿಂದ ನೀವೂ ಸಣ್ಣಕ್ಕೇ ಕಾಣ್ತೀರಿ.”

ಬೋವೆನ್‌ಗೆ ಚಹಾ ನೆತ್ತಿಗೇರಿತು. ತಾತ ನಗಲಿಲ್ಲ. ನಲವತ್ತು ವರ್ಷ ಊರೂರು ತಿರುಗಿ ಜಮೀನು ಅಳೆದವರು. ಜೇಬಿನಿಂದ ಪುಸ್ತಕ ತೆಗೆದರು. “ಹೋದ ವಾರವೇ ಬಂದು ನೋಡ್ಕೊಂಡು ಹೋಗಿದೀನಮ್ಮ. ಸೇತುವೆಯಿಂದ ತೋಫು ಅಂಗಡಿವರೆಗೆ ಚುಕ್ಕಿಯವ್ರ ಮನೆ ಹತ್ತೊಂಬತ್ತು. ಹೊಳೆ ಆಚೆ ಒಂದೂ ಇಲ್ಲ. ಇಡೀ ಚೀನಾ ಹುಡುಕಿಸ್ದೆ, ಎಲ್ಲೂ ಇಲ್ಲ. ಹೆಸರು ಅಂದ್ಮೇಲೆ ನಾಲ್ಕು ಕಡೆ ಹರಡಬೇಡ್ವಾ? ನನಗೇನೋ ಇದು ಹಳೇ ದಫ್ತರದ ಒಂದು ಹಾಳೆ ಅಳತೆ ಇದ್ದ ಹಾಗಿದೆ.”

ಮುದುಕರು ನೊಣದ ರೆಕ್ಕೆಯವರೆಗೂ ಬಂದು ನಿಂತಿದ್ದರು.

“ಹರಡೋದು ಹೇಗೆ? ಎಮ್ಮೆ ಎಷ್ಟು ದೂರ ಮೇಯುತ್ತೋ ಅಷ್ಟೇ ದೂರ ನಮ್ಮ ಹೆಸ್ರು. ಅದೇನು ರೈಲು ಹತ್ತುತ್ತಾ?”

“ಎಮ್ಮೆ ಈಜುತ್ತೆ. ಹೊಳೆ ದಾಟಬಹುದಿತ್ತು.”

“ನಮ್ದು ತುಂಬಿದ ಗಬ್ಬದ್ದು! ಅದಕ್ಕೇ ನೀರಿಗಿಳೀಲಿಲ್ಲ. ಈ ದಡದಲ್ಲೇ ಕರು ಹಾಕ್ತು.” ಅಜ್ಜಿ ಬೀಸಣಿಗೆಯನ್ನು ಮೇಜಿನ ಮೇಲೆ ಕುಟ್ಟಿದಳು. “ಎಷ್ಟು ಅಂತ ನನ್ನ ಕೇಳ್ಬೇಡಿ. ಹತ್ತೊಂಬತ್ತು ಅಂತ ನೀವೇ ಎಣಿಸಿದೀರಿ.”

ತಾತ ಬಹಳ ಹೊತ್ತು ಅಜ್ಜಿಯನ್ನೇ ನೋಡಿದರು. ಆಮೇಲೆ, ಕಿವಿವರೆಗೂ ಕೆಂಪಾಗಿ ಕೂತಿದ್ದ ಮೊಮ್ಮಗನನ್ನು ನೋಡಿದರು.

“ನೀವೂ ಚುಕ್ಕಿಯವರೇನಾ?”

“ನಾನು ಪೆಂಗ್ ಮನೆತನದೋಳು. ಎಮ್ಮೆ ಕಾಯೋಕೆ ಅಂತ ಸೊಸೆಯಾಗಿ ಇಲ್ಲಿಗೆ ಬಂದೋಳು.”

“ಸರಿ,” ತಾತ ಪುಸ್ತಕ ಮುಚ್ಚಿದರು. “ನಮ್ಮ ವಂಶದಲ್ಲಿ ಯಾರಿಗೂ ಇಷ್ಟು ಬಾಯಿಲ್ಲ. ಬೇರೆ ವಂಶವೇ. ಕಾಗದ ತನ್ನಿ.”

ಮದುವೆಯ ಒಪ್ಪಂದ ಬರೆಯಲು ಕೆಂಪು ಕಾಗದ ಹಾಸಿದರು. ತಾತ ಕುಂಚವನ್ನು ಮಸಿಯಲ್ಲದ್ದಿ ತಮ್ಮ ಮನೆತನದ ಹೆಸರು ಬರೆದರು: ಚೊಕ್ಕವಾದ ಖಾಲಿ ಗದ್ದೆ, ನಾಲ್ಕೂ ಮಡಿಯ ಬದು ಒದ್ದೆಯಾಗಿ ಹೊಳೆಯುತ್ತಿತ್ತು. ಕುಂಚ ತೊಳೆಯಲು ಅವರು ಬೋಗುಣಿಯ ಕಡೆ ತಿರುಗಿದ್ದೇ ತಡ, ಮೇಜಿನ ಮೇಲಿದ್ದ ಹಂದಿಮಾಂಸದ ತಟ್ಟೆಯಿಂದ ಒಂದು ನೊಣ ಎದ್ದಿತು. ತಾತನ ಬೆನ್ನನ್ನೊಂದು ಸುತ್ತು, ಅಜ್ಜಿಯ ಮೂಗನ್ನೊಂದು ಸುತ್ತು ಬಳಸಿ, ಇಳಿದು ಕೂತದ್ದು ಎಲ್ಲಿ? ಕೆಳಗಿನ ಬಲಮಡಿಯಲ್ಲೇ. ತವರಿಗೆ ಬಂದವರ ಹಾಗೆ ಮುಂಗಾಲು ಉಜ್ಜಿಕೊಂಡಿತು. ಹಿಂಭಾಗ ಎತ್ತಿತು. ಇನ್ನೊಂದು ಗಳಿಗೆ ಕಳೆದರೆ ತಾತನೂ ಚುಕ್ಕಿಯವರೇ! ಅಜ್ಜಿಯ ಬೀಸಣಿಗೆ ಗಾಳಿಯಲ್ಲೇ ನಿಂತುಬಿಟ್ಟಿತು.

ಚಿಂಗ್‌ಹೆಯ ಕೈ ಅವಳನ್ನು ಕೇಳದೆಯೇ ಹಾರಿತು.

ತಾತ ತಿರುಗಿ ನೋಡಿದರೆ, ಮದುಮಗಳಾಗುವ ಹುಡುಗಿ ತಮ್ಮೆದುರು ಮುಷ್ಟಿ ಬಿಗಿದು ನಿಂತಿದ್ದಾಳೆ! ಹುಬ್ಬು ಮೇಲೇರಿತು. ಅವಳಿಗೆ ಬೇರೇನೂ ತೋಚಲಿಲ್ಲ. ಇನ್ನೊಂದು ಅಂಗೈಯನ್ನು ಮುಷ್ಟಿಯ ಮೇಲೆ ಮುಚ್ಚಿ, ಎದೆಯ ಮಟ್ಟಕ್ಕೆತ್ತಿ, ಹಿಂದಿನ ಕಾಲದವರು ವಂದಿಸುತ್ತಿದ್ದಂತೆ ಸೊಂಟದವರೆಗೆ ಬಾಗಿದಳು.

“ಅಬ್ಬಬ್ಬಾ!” ತಾತ ಕುಂಚವನ್ನು ಬೋಗುಣಿಯಲ್ಲೇ ಬಿಟ್ಟರು. “ಈಗಿನವ್ರಿಗೆ ಕೈ ಬೀಸೋದು ಬಿಟ್ರೆ ಏನು ಗೊತ್ತು? ನೋಡೋ ಬೋವೆನ್, ಮನೆತನ ಅಂದ್ರೆ ಇದು. ಇವ್ರ ಹಿರಿಯರು ಎಲ್ಲೂ ಹೋಗಿಲ್ಲ ಕಣೋ, ಈ ಹುಡುಗಿ ಕೈಯಲ್ಲೇ ಇದಾರೆ!”

ಚಿಂಗ್‌ಹೆ ತಲೆ ಎತ್ತಲಿಲ್ಲ. ಅಂಗೈಯೊಳಗೆ ಹಿರಿಯರು ಕಚಗುಳಿಯಿಡುತ್ತಿದ್ದರು.