ಅಲುಗದ ಕೈ

ಫೋನನ್ನು ಇನ್ನೂ ಸ್ವಲ್ಪ ಮೇಲೆತ್ತು ಎಂದು ಸ್ತ್ರೀ ಸಮಾನತೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷ ಕಣ್ಣಲ್ಲೇ ಸನ್ನೆ ಮಾಡಿದ. ಕಾರ್ಯದರ್ಶಿ ಎತ್ತಿದಳು. ಖಾಲಿ ತರಗತಿಯಲ್ಲಿ ಲೈವ್ ಶುರುವಾಗಿ ಇಪ್ಪತ್ತು ನಿಮಿಷ. ಅವಳ ರಟ್ಟೆ ಬಿದ್ದುಹೋಗುತ್ತಿತ್ತು. "ಹೆಣ್ಮಕ್ಕಳು ಬಾಯಿ ಬಿಟ್ಟು ಮಾತಾಡ್ಬೇಕು!" ಎಂದು ಅವನು ಮೇಜು ಗುದ್ದಿದ. ಆ ಸಾಲು ಅವಳು ಬರೆದುಕೊಟ್ಟದ್ದು. ಗುದ್ದು ಮಾತ್ರ ಅವನ ಸ್ವಂತದ್ದು.

ಪ್ರತಿ ವಾರವೂ ಇದೇ ಹಾಡು. ಬರೆಯುವುದು ಅವಳು, ಬಾಯಿಪಾಠ ಮಾಡಿ ಒಪ್ಪಿಸುವುದು ಅವನು. "ಒಂದ್ಸಲ ನಾನು ಮಾತಾಡ್ತೀನಿ ಕಣೋ" ಎಂದರೆ, "ನಿನ್ ಕೈ ಒಂಚೂರೂ ಅಲುಗಲ್ಲ ಕಣೇ, ಫೋನ್ ಇನ್ಯಾರು ಹಿಡೀತಾರೆ?" ಎಂದು ಹೊಗಳಿ ಅಟ್ಟಕ್ಕೇರಿಸುತ್ತಿದ್ದ.

"ಬೇರೆಯವರ ಮಾತ್ಯಾಕೆ, ನನ್ ತಂಗಿಗೇ ಆಗಿದೆ," ಎಂದು ಅವನೀಗ ಗದ್ಗದಿತನಾದ. "ಬಸ್ಸಲ್ಲಿ ಒಬ್ಬ ಸೊಂಟಕ್ಕೆ ಕೈ ಹಾಕ್ದ. ಅವಳು ಕಿರುಚ್ಲಿಲ್ಲ. ಎರಡು ಸ್ಟಾಪ್ ಮೊದ್ಲೇ ಇಳಿದು ನಡ್ಕೊಂಡು ಮನೆಗೆ ಬಂದ್ಲು." ಅವನಿಗೆ ತಂಗಿಯೇ ಇಲ್ಲ. 'ನಾನು' ಎಂದು ಬರೆಯಲು ಧೈರ್ಯ ಸಾಲದೆ ಅವಳು ಹಾಳೆಯಲ್ಲಿ 'ಒಬ್ಬ ಹುಡುಗಿ' ಎಂದು ಬರೆದಿದ್ದಳು. ಪರದೆಯ ತುಂಬ ಕೆಂಪು ಹೃದಯಗಳು ತೇಲಿದವು. 'ಇಂಥ ಅಣ್ಣ ಎಲ್ಲರಿಗೂ ಸಿಗಲಿ' ಎಂದು ಯಾರೋ ಹರಸಿದರು.

ಅವಳ ಹೆಬ್ಬೆರಳು ಕ್ಯಾಮೆರಾ ತಿರುಗಿಸುವ ಗುರುತನ್ನು ಒತ್ತಿತು. ಪರದೆಯಿಂದ ಅವನು ಮಾಯವಾಗಿ ಅವಳ ಬೆವೆತ ಮುಖ ಬಂತು. "ಏಯ್, ಏನ್ ಮಾಡ್ತಿದೀಯ? ಲೈವ್ ಇದೆ!" ಎಂದು ಅವನು ಕೂಗಿದ.

"ಇವನಿಗೆ ತಂಗಿ ಇಲ್ಲ," ಎಂದಳು ಅವಳು. "ಆ ಬಸ್ಸಿಂದ ಇಳಿದೋಳು ನಾನು."

ಮೊದಲ ಸಲ ಚಿತ್ರ ಅಲುಗಾಡಿತು.