ಬೆಂಕಿಗೆ ಹೆದರುವವನು

ಬೆಂಕಿಪೊಟ್ಟಣ ತನ್ನ ಕೈಗೇ ಬರಬೇಕೇ ಎಂದು ಕಾಸಿಮಿರ್ ಒಳಗೊಳಗೇ ಹಲ್ಲು ಕಡಿದ. ಕೊಟ್ಟವರು ಫಾದರ್ ಗೋರ್ಸ್ಕಿ, ಒಲ್ಲೆ ಎನ್ನುವಂತಿಲ್ಲ. ಅಮೆರಿಕದ ಬಫಲೋ ಊರಿನ ಪೋಲಿಷರ ಕೇರಿಯ ಇಗರ್ಜಿ ಶಾಲೆಯ ಅಂಗಳದಲ್ಲಿ, ಮಕ್ಕಳು ಮನೆಯಿಂದ ಹೊತ್ತು ತಂದ ಕಾಮಿಕ್ ಪುಸ್ತಕಗಳ ಗುಡ್ಡೆ ಸೊಂಟದೆತ್ತರ ಬೆಳೆದಿತ್ತು. ಮನಸ್ಸು ಕೆಡಿಸುವ ಹೊಲಸನ್ನು ಸುಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡುವ ದಿನ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರೂರಿಗೂ ಇದೇ ಹುಮ್ಮಸ್ಸು.

ಗುಡ್ಡೆಯ ತುದಿಯಲ್ಲೇ, ಒಂದು ಪುಸ್ತಕದ ಮುಖಪುಟದಲ್ಲಿ, ಅವನು ಅಂಗಾತ ಬಿದ್ದಿದ್ದ: ಹೊಲಿಗೆ ಹಾಕಿದ ಹಣೆ, ಹಳದಿ ಕಣ್ಣು, ಮೈಗೆ ಸಾಲದ ಕೋಟು. ಹಳೆಯ ಕಾದಂಬರಿಯೊಂದರ ರಾಕ್ಷಸ; ಹೆಣಗಳ ತುಂಡು ಜೋಡಿಸಿ ಜೀವ ಕೊಟ್ಟವನೇ ಮುಖ ನೋಡಿ ಓಡಿಹೋಗಿದ್ದ. ಅವನನ್ನು ತಂದು ಟ್ರಾಮು ಓಡಾಡುವ ಬೀದಿಯಲ್ಲಿ ನಿಲ್ಲಿಸಿ, ಮುಳುಗುವವರನ್ನೂ ದಾರಿ ತಪ್ಪಿದ ಮಕ್ಕಳನ್ನೂ ಕಾಯಲು ಹಚ್ಚಿದವನು ಕಾಸಿಮಿರ್. ಕೋಣೆಯ ಬಾಗಿಲು ಹಾಕಿಕೊಂಡು ಚಿತ್ರ ಬರೆದು ನ್ಯೂಯಾರ್ಕಿನ ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಪುಸ್ತಕದಲ್ಲಿ ಬರೆದವನ ಹೆಸರು ಹಾಕುವ ರೂಢಿಯಿಲ್ಲ, ಅದೇ ಪುಣ್ಯ. ಕೇರಿಯವರಿಗೂ ಮಗಳು ದನುತಾಳಿಗೂ ಅವನು ಬೂಟಿನ ಜಾಹೀರಾತಿಗೆ ಚಿತ್ರ ಬರೆಯುವವನು.

ಫಾದರ್ ಆ ಪುಸ್ತಕವನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿದರು. "ನೀವೂ ಚಿತ್ರ ಬರೆಯೋರು. ಹೇಳಿ ನೋಡೋಣ, ಇಂಥದ್ದನ್ನ ಬರೆಯೋನಿಗೆ ಮನೇಲಿ ಮಕ್ಕಳುಮರಿ ಇರ್ತಾವಾ?"

ದನುತಾ ಪಕ್ಕದಲ್ಲೇ ಇದ್ದಳು.

"ಇರಲಿಕ್ಕಿಲ್ಲ ಫಾದರ್," ಎಂದ ಕಾಸಿಮಿರ್. ಅಷ್ಟಕ್ಕೇ ಬಿಡಬಹುದಿತ್ತು, ನಾಲಿಗೆ ನಿಲ್ಲಲಿಲ್ಲ. "ಯಾರೋ ಕುಡುಕ ಇರಬೇಕು. ಮಾನ ಇದ್ದೋರು ಮಾಡೋ ಕೆಲಸ ಅಲ್ಲ."

ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ಇಷ್ಟು ದಿನ ಬರೆದದ್ದಕ್ಕೆ ನಾಚುತ್ತಿದ್ದವನಿಗೆ, ಈಗ ತನ್ನದಲ್ಲ ಎಂದದ್ದಕ್ಕೆ ಕಿವಿ ಸುಡುವಷ್ಟು ನಾಚಿಕೆಯಾಯಿತು.

ಊರಂಚಿನ ಸರೋವರದ ಕಡೆಯಿಂದ ಗಾಳಿ. ಮೊದಲ ಕಡ್ಡಿ ಆರಿತು. ಎರಡನೆಯದಕ್ಕೆ ಎಡಗೈ ಬಾಗಿಸಿ ಮರೆ ಹಿಡಿದ. ಹಿಂದೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವಾಗ ಮುರಿದು, ಕಿರುಬೆರಳು ಹೊರಕ್ಕೆ ಸೊಟ್ಟಗೆ ಕೂತ ಕೈ ಅದು. ಬಲಗೈ ಬರೆಯುವಾಗ ಮಾದರಿಗೆಂದು ಎದುರಿಗಿರುತ್ತಿದ್ದದ್ದು ಅದೊಂದೇ. ಹಾಗಾಗಿ ರಾಕ್ಷಸನಿಗೂ ಅದೇ ಸೊಟ್ಟ ಬೆರಳು ಬಂದಿತ್ತು.

ಉರಿ ಹತ್ತಿತು. ಕೊನೆಗೆಂದು ಒಂದೊಂದು ಪುಸ್ತಕ ಕೈಯಲ್ಲೇ ಉಳಿಸಿಕೊಂಡಿದ್ದ ಮಕ್ಕಳು ಸಾಲಾಗಿ ಬಂದು ಎಸೆದರು. ದನುತಾ ತನ್ನ ಸರದಿ ಬಂದಾಗ ಕೋಟಿನೊಳಗಿಂದ ಒಂದನ್ನು ತೆಗೆದಳು. ಓದಿ ಓದಿ ಅಂಚು ಹರಿದಿತ್ತು. ಅವಳೂ ಓದುತ್ತಾಳೆಂದು ಕಾಸಿಮಿರನಿಗೆ ಗೊತ್ತೇ ಇರಲಿಲ್ಲ. ಮುಖಪುಟದಲ್ಲಿ ರಾಕ್ಷಸ ಗುಬ್ಬಿಮರಿಯೊಂದಕ್ಕೆ ಎಡಗೈ ಬಾಗಿಸಿ ಗಾಳಿಯ ಮರೆ ಹಿಡಿದಿದ್ದ. ಅವಳು ಅದನ್ನು ನೋಡಿದಳು. ಅಪ್ಪನ ಕೈ ನೋಡಿದಳು. ಕಾಸಿಮಿರ್ ಕೈಯನ್ನು ಜೇಬಿಗೆ ತುರುಕಿದ, ಆದರೆ ತಡವಾಗಿತ್ತು.

"ಹಾಕು ಮಗಳೇ, ಇನ್ನೇನು ನೋಡ್ತೀಯ?" ಎಂದರು ಫಾದರ್.

"ಅವ್ನಿಗೆ ಬೆಂಕಿ ಕಂಡ್ರೆ ಭಯ ಫಾದರ್. ಹೋದ್ ಸಲ ದೊಂದಿ ನೋಡಿ ಹೊಳೆಗೇ ಹಾರ್ಬಿಟ್ಟ."

"ಕಾಗದಕ್ಕೆಂಥ ಭಯವೇ, ಹುಚ್ಚಿ!"

ದನುತಾ ಅಪ್ಪನ ಹತ್ತಿರ ಬಂದು ಪುಸ್ತಕ ಚಾಚಿದಳು. ಬೇರೆ ಯಾರಿಗೂ ಕೇಳದ ಹಾಗೆ ಅಂದಳು: "ನೀನೇ ಹಾಕಪ್ಪಾ. ನಿನ್ನ ಕೈಯಾದ್ರೆ ಅವ್ನು ಹೆದ್ರಲ್ಲ."

ಎಲ್ಲರೂ ನೋಡುತ್ತಿದ್ದರು. ಕಾಸಿಮಿರ್ ಜೇಬಿನಿಂದ ಕೈ ತೆಗೆದು ಪುಸ್ತಕ ಇಸಿದುಕೊಂಡ. ಹಾಕಿದ.